ಕಡಲಿಲ್ಲದ ಊರಿನ ಬೀಚು

ನಾನು ಮದುವೆಯಾಗಿ ಸಿಂಗಾನಲ್ಲೂರಿಗೆ ಬಂದ ವರ್ಷವೇ ಆ ಊರಿಗೆ ಬೀಚೂ ಬಂತು. ಕೊಯಮತ್ತೂರಿನ ಸುತ್ತ ಎತ್ತ ನಡೆದರೂ ಕಡಲು ಸಿಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ನಮ್ಮ ಪಂಚಾಯತಿ ಬೋರ್ಡಿನ ಪ್ರೆಸಿಡೆಂಟರನ್ನು ಬಿಟ್ಟು. ಅವರು ಎದೆನೋವಿಗೆ ಔಷಧಿ ತರಲು ಮದ್ರಾಸಿಗೆ ಹೋಗಿ, ಸಾಯಂಕಾಲ ಜನ ಮರಳಿನ ಮೇಲೆ ಸುಮ್ಮನೆ ಕೂತಿರುವುದನ್ನು ಕಂಡು ಬಂದಿದ್ದರು. ಎದೆನೋವು ವಾಸಿಯಾಯಿತು, ಬೀಚಿನ ಹುಚ್ಚು ಹಿಡಿಯಿತು.

ನಮ್ಮ ಕೆರೆಯ ಏರಿ ಕುಸಿದು, ಜಾಲಿ ಬೆಳೆದು ಹಾಳಾಗಿತ್ತು, ನಿಜ. ಏರಿ ಕಟ್ಟಿಸಿದರು, ಜಾಲಿ ಕಡಿಸಿದರು, ಒಳ್ಳೆಯದೇ. ಆಮೇಲೆ ನೊಯ್ಯಲ್ ಹೊಳೆಯಿಂದ ಗಾಡಿಗಟ್ಟಲೆ ಮರಳು ತಂದು ದಡಕ್ಕೆ ಹರಡಿಸಿದರು. ಏರಿಯುದ್ದಕ್ಕೂ ಕಲ್ಲುಗೂಟ ನೆಡಿಸಿ, ಎರಡು ಬೆಂಚು ಹಾಕಿಸಿ, ಒಂದು ಬೋರ್ಡು ನಿಲ್ಲಿಸಿದರು: ಇಲ್ಲಿ ಯಾರೂ ನೂಲು ಕಟ್ಟಬಾರದು.

ಅದು ಬರೆಸಿದ್ದು ನಮಗಾಗಿಯೇ. ನಾವು ಕನ್ನಡ ಮನೆಮಾತಿನ ನೇಕಾರರು. ಮಗ್ಗಕ್ಕೆ ಏರಿಸುವ ಮುಂಚೆ ಹಾಸುನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಕುಂಚದಿಂದ ಗಂಜಿ ಬಳಿದು ಒಣಗಿಸಬೇಕು. ನಮ್ಮ ಬೀದಿಯಲ್ಲಿ ಎಮ್ಮೆ ತಿರುಗಿಸಲೂ ಜಾಗವಿಲ್ಲ, ನಾವು ಹಾಸು ಕಟ್ಟುತ್ತಿದ್ದದ್ದು ಆ ಏರಿಯ ಮೇಲೆಯೇ. ಏರಿ ಹೋದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ನನ್ನ ಗಂಡ ಮಿಲ್ಲಿಗೆ ಸೇರಬೇಕಾಗುತ್ತದೆ. ವಿಧವೆಯಾದ ನನ್ನ ಅತ್ತೆಗೆ ಮಿಲ್ಲೆಂದರೆ ಮೈಯೆಲ್ಲ ಉರಿ, ಪಾಳಿಗೆ ಕರೆಯುವ ಅದರ ಸಂಗು, ಅಂದರೆ ಸೈರನ್ನು, ಕೇಳಿದರೂ ಉರಿ. "ಮಿಲ್ಲಿನ ಸಂಗು ಊದಿದ್ರೆ ಓಡಕ್ಕೆ ನನ್ ಮಗ ಏನು ಕೂಲಿಯವ್ನಾ?" ಎನ್ನುತ್ತಿದ್ದರು. ಮಗ ತಲೆ ತಗ್ಗಿಸಿ ಉಣ್ಣುತ್ತಿದ್ದ.

ಬೀಚು ಸಿದ್ಧವಾದ ಮೇಲೆ ತಮಟೆ ಹೊಡೆಸಿದರು. ಎಲ್ಲರೂ ಹೆಂಡತಿ ಮಕ್ಕಳೊಡನೆ ಸಾಯಂಕಾಲ ಕೆರೆಗೆ ಬರಬೇಕಂತೆ! ಕೇಳಿ ನಮ್ಮ ಬೀದಿ ಬಿದ್ದು ಬಿದ್ದು ನಕ್ಕಿತು. ನಮ್ಮಲ್ಲಿ ಕೆರೆಗೆ ಹೋಗುವುದೆಂದರೆ ಚೊಂಬು ಹಿಡಿದು ಹೋಗುವ ಕೆಲಸ. ಅದನ್ನು ಮನುಷ್ಯ ಒಬ್ಬನೇ, ಮರೆಯಲ್ಲಿ ಮುಗಿಸಿ ಬರುತ್ತಾನೆ. ತಮಟೆ ಹೊಡೆಸಿ ಸಂಸಾರಸಮೇತ ಹೊರಡುವುದಿಲ್ಲ.

"ಅಲ್ಲಿ ಕಾತ್ತು ವಾಂಗಬೇಕಂತೆ ಅತ್ತೆ," ಎಂದೆ. ಗಾಳಿ ಸೇವಿಸುವುದಕ್ಕೆ ತಮಿಳಿನಲ್ಲಿ ಗಾಳಿ ಕೊಳ್ಳುವುದು ಅನ್ನುತ್ತಾರೆ.

"ಗಾಳೀನ ಕೊಂಡ್ಕೊಳಕ್ಕೆ ಅಷ್ಟು ದೂರ ಯಾಕಮ್ಮಾ? ನಮ್ ಸೂರಲ್ಲೇ ಬೇಕಾದಷ್ಟು ತೂತೈತೆ."

ಊರಿನ ಮರ್ಯಾದಸ್ಥರೂ ಆ ದಿಕ್ಕಿಗೆ ತಲೆ ಹಾಕಲಿಲ್ಲ. ಆ ಹೊತ್ತಿನಲ್ಲಿ ಏರಿಯ ಮೇಲೆ ಕೂತವನು ಯಾತಕ್ಕೆ ಕೂತಿದ್ದಾನೆಂದು ಯಾರಿಗೆ ತಿಳಿಸಿ ಹೇಳುವುದು? ಬೆಂಚಿನ ಮೇಲೆ ಮೇಕೆಗಳು ಮಲಗಿದವು.

ಅಷ್ಟರಲ್ಲಿ ಬೀಚು ನೋಡಲು ಕೊಯಮತ್ತೂರಿನಿಂದ ಒಬ್ಬ ಇಂಗ್ಲಿಷ್ ದೊರೆ ಬೆಳಿಗ್ಗೆ ಬರುತ್ತಾನೆಂದು ಸುದ್ದಿಯಾಯಿತು. ಅವನು ಬರುವ ದಿನ ನಸುಕಿನಲ್ಲೇ ಅತ್ತೆ ಹಾಸುನೂಲಿನ ಹೊರೆ ಹೊತ್ತು ಹೊರಟರು. ನಾನು ಗಂಜಿಯ ಮಡಕೆ ಹಿಡಿದು ಹಿಂದೆ ನಡೆದೆ. ಪ್ರೆಸಿಡೆಂಟರು ನೆಡಿಸಿದ ಕಲ್ಲುಗೂಟಗಳು ಹಾಸು ಕಟ್ಟಲು ಹೇಳಿ ಮಾಡಿಸಿದಂತಿದ್ದವು. ಬಿಸಿಲೇರುವ ಹೊತ್ತಿಗೆ ಏರಿಯುದ್ದಕ್ಕೂ ಕೆಂಪು, ಹಳದಿ ನೂಲು ತೂಗುತ್ತಿತ್ತು.

ಪ್ರೆಸಿಡೆಂಟರು ಓಡಿ ಬಂದರು. "ಏನಮ್ಮಾ ಇದು? ಬೋರ್ಡು ನೋಡಲಿಲ್ಲವಾ?" ಎಂದು ತಮಿಳಿನಲ್ಲಿ ಗದರಿದರು.

ಅತ್ತೆಯೂ ತಮಿಳಿನಲ್ಲೇ, "ನೋಡಿದೆ ಸಾಮಿ, ಬಣ್ಣ ಚೆನ್ನಾಗಿದೆ," ಎಂದರು. ಅವರಿಗೆ ಯಾವ ಭಾಷೆಯ ಅಕ್ಷರವೂ ಬಾರದು.

ಪ್ರೆಸಿಡೆಂಟರು ನೂಲಿಗೆ ಕೈ ಹಾಕುವಷ್ಟರಲ್ಲಿ ದೊರೆಯ ಕಾರು ಬಂದೇಬಿಟ್ಟಿತು. ಅವನು ಇಳಿದು, ಆ ಕಡೆಯಿಂದ ಈ ಕಡೆಗೆ ನೋಡಿ, ಮುಖವರಳಿಸಿ ಏನೋ ಕೇಳಿದ. ಈ ತೋರಣವೆಲ್ಲ ತಮಗಾಗಿಯೇ ಕಟ್ಟಿದ್ದೇ ಎಂದು ದೊರೆ ಕೇಳುತ್ತಿದ್ದಾರೆ ಎಂದ, ಜೊತೆಗೆ ಬಂದಿದ್ದ ಗುಮಾಸ್ತ. ಪ್ರೆಸಿಡೆಂಟರು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರಂತೆ ನಿಂತು, ಕೊನೆಗೆ ಹೌದೆಂದರು. ಬಹಳ ಅಂದವಾಗಿದೆ, ದಿನವೂ ಹೀಗೇ ಇರಲಿ ಎಂದು ಹೇಳಿ ದೊರೆ ಕಾರು ಹತ್ತಿದ.

"ದೊರೆ ಹೇಳಿದ ಮೇಲೆ ದಿನಾ ಕಟ್ಟದಿದ್ದರೆ ತಪ್ಪಾಗುತ್ತದಲ್ಲವಾ ಸಾಮಿ?" ಎಂದು ಅತ್ತೆ ಕೈಮುಗಿದು ಕೇಳಿದರು.

ಬೋರ್ಡು ಮಾಯವಾಯಿತು. ಆ ರಾತ್ರಿ ಊಟಕ್ಕೆ ಅತ್ತೆ ಪಾಯಸ ಮಾಡಿದರು. ಮಗನ ಎಲೆಗೆ ಎರಡನೆಯ ಸಲ ಬಡಿಸುವಾಗ ಅವನು ಬಾಯಿ ಬಿಟ್ಟ.

"ಅವ್ವಾ, ಜಾಗ ಹೋದ್ರೆ ತಾನಾಗೇ ಮಿಲ್ಲಿಗೆ ಹೋಗ್ಬೋದು ಅಂತಿದ್ದೆ. ಈಗ ನಾನೇ ಹೇಳ್ಬೇಕಾಯ್ತು. ನಂಗೆ ಆ ಮಿಷನ್ನು ಓಡಿಸ್ಬೇಕು ಅಂತ ಆಸೆ. ಸೋಮವಾರ ಬರ್ತೀನಿ ಅಂತ ಹೇಳ್ಬಿಟ್ಟಿದೀನಿ."

ಅತ್ತೆ ಪಾಯಸ ಬಡಿಸುವುದನ್ನು ನಿಲ್ಲಿಸಲಿಲ್ಲ. ಗೆದ್ದು ಬಂದವರ ಮುಖ ಹಾಗೆ ಕಳೆಗುಂದುವುದನ್ನು ನಾನು ಮತ್ತೆಂದೂ ನೋಡಲಿಲ್ಲ. ಗಂಡನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

ಸೋಮವಾರ ಅವನನ್ನು ಕಳಿಸಿ, ಇಬ್ಬರೂ ಏರಿಗೆ ಹೋದೆವು. ಹಾಸಿನ ಆ ತುದಿ ಅತ್ತೆಯ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ. ತಮ್ಮ ತುದಿಯನ್ನು ಎಳೆದು ನೋಡಿ ಅವರು ಅಲ್ಲಿಂದಲೇ ಕೂಗಿದರು:

"ಬಿಗಿಯಾಗಿ ಹಿಡ್ಕೋ ತಾಯಿ. ಅವ್ನು ಯಾವತ್ತೂ ಸಡ್ಲಾಗೇ ಹಿಡೀತಿದ್ದ."