ಕರಿ ನಾಲ್ಕೋ, ಕರಿ ಮೂರೋ?

ಹೋದ ಭಾನುವಾರ ಮಸ್ಕಿಯಲ್ಲಿ ಅಕ್ಕನ ಜೊತೆ ಜಗಳವಾಡಿದೆ. ಆಸ್ತಿಗಲ್ಲ, ಮಕ್ಕಳ ಮದುವೆಯ ವಿಷಯಕ್ಕೂ ಅಲ್ಲ. ಹಾರ್ಮೋನಿಯಂನ ಒಂದೇ ಒಂದು ಕರಿ ಮನೆಗೆ!

ಈ ವಯಸ್ಸಿನಲ್ಲಿ ಜಗಳಕ್ಕೂ ತ್ರಾಣ ಬೇಕು. ವಾರವಿಡೀ ಶಾಲೆಯಲ್ಲಿ ಕೂಗಿ, ಭಾನುವಾರ ಸಿಂಧನೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳಿಗೆ ಅದೂ ಉಳಿದಿರಲಿಲ್ಲ. ಆದರೂ ಆಡಿದೆ.

ನಾನಿರುವುದು ಸಿಂಧನೂರು, ನೀಲಕ್ಕ ಇರುವುದು ಲಿಂಗಸುಗೂರು. ಮಸ್ಕಿ ಇಬ್ಬರಿಗೂ ನಡುವೆ. ಅಲ್ಲಿ ವೀರೇಶಪ್ಪ ಮಾಸ್ತರರ ಮನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ನಮ್ಮ ತಾಲೀಮು. ಮಾಸ್ತರರು ಹಾರ್ಮೋನಿಯಂ ಪೇಟಿ ನುಡಿಸುತ್ತಾರೆ, ನಾವಿಬ್ಬರೂ ತತ್ವಪದ ಹಾಡುತ್ತೇವೆ. ಯಾರಾದರೂ ಕರೆದರೆ ಅವರ ಮನೆಗೂ ಹೋಗಿ ಹಾಡುತ್ತೇವೆ. (ಉಪ್ಪಿಟ್ಟು, ಚಹಾ, ಒಂದು ಬ್ಲೌಸ್ ಪೀಸ್. ನಮ್ಮ ಮಾರ್ಕೆಟ್ ಅಷ್ಟೇ.)

ಕಳೆದ ವರ್ಷ ನೀಲಕ್ಕನಿಗೆ ಥೈರಾಯ್ಡ್ ಆಪರೇಷನ್ ಆಯಿತು. ಗಂಟಲಿನ ಗಂಟು ಹೋಯಿತು. ಜೊತೆಗೆ ದನಿಯ ಮೇಲ್ತುದಿಯೂ ಹೋಯಿತು. ಎಂಟು ತಿಂಗಳ ನಂತರ ಅವಳು ಮತ್ತೆ ಹಾಡಲು ಕೂತದ್ದು ಅವತ್ತೇ. ಗುರುವಾರ ಪಾಮನಕಲ್ಲೂರಿನಲ್ಲಿ ಒಬ್ಬರ ಮನೆಯಲ್ಲಿ ಹಾಡುವುದಿತ್ತು.

ಚರಣದ ಮೇಲಿನ ಸಾಲಿಗೆ ಬಂದಾಗ ಅವಳ ದನಿ ಒಡೆಯಿತು. ಕೆಮ್ಮು. ನೀರು ಕುಡಿದು ಮತ್ತೆ ಹಾಡಿದಳು. ಮತ್ತೆ ಅದೇ.

"ಕರಿ ನಾಕು ಬ್ಯಾಡ್ರಿ. ಪಕ್ಕದ ಕರಿ ಮೂರಕ್ಕ ಇಳಸೋಣು" ಎಂದರು ಮಾಸ್ತರರು.

(ಪೇಟಿ ಗೊತ್ತಿಲ್ಲದವರಿಗೆ: ಹಾಡಿನ 'ಸ' ಬೆರಳೊತ್ತುವ ಯಾವ ಮನೆಯಲ್ಲಿ ಇರುತ್ತದೋ ಅದು ಆ ಹಾಡಿನ ಪಟ್ಟಿ. ಕರಿ ನಾಲ್ಕು ಅಂದರೆ ನಾಲ್ಕನೇ ಕಪ್ಪು ಮನೆ. ಅಲ್ಲಿಂದ ಇಳಿಸಿದರೆ ರಾಗ ಬದಲಾಗುವುದಿಲ್ಲ, ಇಡೀ ಹಾಡು ತುಸು ಕೆಳಗೆ ಸರಿಯುತ್ತದೆ.)

ನಾನು ಒಪ್ಪಲಿಲ್ಲ. "ಈ ಪದಕ್ಕ ಕರಿ ನಾಕರಾಗನ ಕಳೆ ಐತ್ರಿ ಮಾಸ್ತರ. ಕೆಳಗ ಬಂದ್ರ ಬಾಡಿದ ಸೊಪ್ಪಿನಂಗ ಆಕೈತಿ."

"ಯಾರಿಗೆ ಬಾಡತೈತಿ?" ಅಕ್ಕ ಕೇಳಿದಳು.

"ಕೇಳೋರಿಗೆ ಯಕ್ಕಾ, ಮತ್ಯಾರಿಗೆ?"

ಸುಳ್ಳು ಹೇಳಿರಲಿಲ್ಲ. ನನಗೆ ನಿಜವಾಗಿಯೂ ಹಾಗೇ ಅನ್ನಿಸುತ್ತಿತ್ತು. ಕರಿ ನಾಲ್ಕು ಎಂದರೆ ಬೆಳಗಿನ ಬಿಸಿಲು, ಕರಿ ಮೂರು ಎಂದರೆ ಮೋಡ. ಒಂದೊಂದು ಪಟ್ಟಿಗೆ ಒಂದೊಂದು ಗುಣ ಇರುವುದಿಲ್ಲವೇ? ಮಾತಿಗೆ ಮಾತು ಬೆಳೆಯಿತು. ಅಕ್ಕ ಬ್ಯಾಗು ಕೈಗೆತ್ತಿಕೊಂಡಳು.

ಮಾಸ್ತರರು ಅವಳನ್ನು ಕೂರಿಸಿ ನನ್ನ ಕಡೆ ತಿರುಗಿದರು. "ಟೀಚರ್ರ, ಗ್ವಾಡಿ ಕಡೆ ಮುಖ ಮಾಡಿ ಕೂಡ್ರಿ. ನಾ ಬಾರಸ್ತೀನಿ. ಯಾವ ಪಟ್ಟಿ ಅಂತ ನೀವು ಹೇಳ್ರಿ."

ಕೂತೆ. ಬಾರಿಸಿದರು.

"ಕರಿ ಮೂರು. ಕೇಳ್ರಿ, ಹೆಂಗ ಸೊರಗೇತಿ!" ಎಂದೆ.

ತಿರುಗಿ ನೋಡಿದರೆ ಮಾಸ್ತರರ ಬೆರಳು ಕರಿ ನಾಲ್ಕರ ಮೇಲೆ.

ನಡುನಡುವೆ ಚಹಾ, ಮಾತು, ಮತ್ತೆ ಪರೀಕ್ಷೆ. ನಾಲ್ಕು ಸಲದಲ್ಲಿ ಎರಡು ಸರಿ, ಎರಡು ತಪ್ಪು. ಕಣ್ಣುಮುಚ್ಚಿ ಟಿಕ್ ಹಾಕಿದ್ದರೂ ಅಷ್ಟೇ ಮಾರ್ಕ್ಸ್ ಬರುತ್ತಿತ್ತು!

"ಪೇಟ್ಯಾಗ ಎಲ್ಲಾ ಮನಿ ಒಂದ ಅಳತಿ ರೀ" ಎಂದರು ಮಾಸ್ತರರು. "ಪದ ಸರದು ಕುಂದರತೈತಿ, ಅಷ್ಟ. ಫರಕ್ ಗೊತ್ತಾಗೋದು ಹಾಡೋರ ಗಂಟಲಿಗೆ."

ಅಕ್ಕ ನಗಲಿಲ್ಲ. "ಪಟ್ಟಿ ಇಳಿದದ್ದು ನಿನಗ ಕೇಳಂಗಿಲ್ಲ ಬೇ. ನನ್ನ ದನಿ ಇಳಿದದ್ದು ಕೇಳಾಕತ್ತೈತಿ. ಅದನ್ನ ಹೇಳಾಕ ಆಗವಲ್ದು ನಿನಗ."

ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹಿಡಿದ ಹೆದರಿಕೆ ಇನ್ನೂ ಬಿಟ್ಟಿರಲಿಲ್ಲ. ಕರಿ ನಾಲ್ಕರಲ್ಲೇ ಹಾಡಿದರೆ ಏನೂ ಆಗಿಯೇ ಇಲ್ಲ ಎಂದುಕೊಳ್ಳಬಹುದಿತ್ತು.

ಗುರುವಾರ ಪಾಮನಕಲ್ಲೂರಿನಲ್ಲಿ ಕರಿ ಮೂರರಲ್ಲೇ ಹಾಡಿದೆವು. ಮೇಲಿನ ಸಾಲು ಬಂತು. ಅಕ್ಕನ ದನಿ ಒರಟಾಗಿತ್ತು, ಒಡೆಯಲಿಲ್ಲ. ಕೆಳಗಿನ ಸಾಲಿನಲ್ಲಿ ಅಷ್ಟು ತಗ್ಗಿಗೆ ಇಳಿಯಲಾಗದೆ ನನ್ನ ದನಿಯೇ ಬರೀ ಗಾಳಿಯಾಯಿತು! ಆ ಸಾಲನ್ನು ಅವಳೇ ಎತ್ತಿಕೊಂಡು ನಡೆಸಿದಳು. ನಾನು ತಾಳ ಹಾಕುತ್ತ ಕೇಳಿದೆ.

ಪಟ್ಟಿ ಇಳಿದದ್ದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಆ ಮನೆಯ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಿಂದಕ್ಕೂ ಇದ ಪದ ಹಾಡಿದ್ರೆಲ್ಲವಾ, ಅದರ ಅರ್ಥ ಇವತ್ತ ತಿಳೀತು ನೋಡು" ಎಂದರು.

ವಾಪಸು ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಸುಸ್ತಾಗಿ ಕೂತಿದ್ದೆವು.

"ಯಕ್ಕಾ, ಕರಿ ಮೂರು ಹಗುರ ಆತೇನು?"

"ಮೊದಲಿಂದನೂ ಹಗುರನ" ಎಂದಳು, ಬಸ್ಸು ಬರುವ ಕಡೆ ನೋಡುತ್ತ. "ಕರಿ ನಾಕು ನನಗ ಆಪರೇಷನ್ ಮುಂಚೆನೂ ಎಟಕ್ತಿದ್ದಿಲ್ಲ. ಹಾಡಿದ ಮರುದಿನ ಗಂಟಲು ಹಿಡೀತಿತ್ತು. ನಿನ್ನ ದನಿ ಅಲ್ಲೆ ಚಲೋ ಬರತಿತ್ತಲ್ಲ, ಸುಮ್ಮನಿದ್ದೆ."

ಅವಳ ಬಸ್ಸು ಬಂತು. ಹತ್ತಿದಳು, ಕಿಟಕಿಯಿಂದ ಕೈ ಬೀಸಿದಳು. ನನ್ನ ಬಸ್ಸಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತು. ಸಿಂಧನೂರು ಮುಟ್ಟುವವರೆಗೂ ಕಣ್ಣು ಮುಚ್ಚಲಿಲ್ಲ.

ಪಟ್ಟಿಗಳಿಗೆ ಬೇರೆಬೇರೆ ಗುಣ ಇದೆಯೋ ಇಲ್ಲವೋ, ತೀರ್ಪು ಕೊಡಲು ನಾನ್ಯಾರು? ಆದರೆ ಇಪ್ಪತ್ತಾರು ವರ್ಷ ಪಕ್ಕದಲ್ಲೇ ಕೂತು ಹಾಡಿದವಳ ಗಂಟಲು ನೋಯುವುದು ಒಂದು ದಿನವೂ ಕೇಳಿಸಲಿಲ್ಲವೆಂದರೆ, ಇದನ್ನು ಕಿವಿ ಅನ್ನಬೇಕೇ?