ನೀಲವ್ವನ ಸೆರಗಿನ ಗಂಟು

ನೀಲವ್ವನ ಸೆರಗಿನ ಗಂಟಿನಲ್ಲಿ ದುಡ್ಡಾಗಲಿ ಎಲೆ-ಅಡಿಕೆಯಾಗಲಿ ಇರುತ್ತಿರಲಿಲ್ಲ. ನಳದ ವಾಷರ್ ಇರುತ್ತಿತ್ತು. ಮಹಡಿಯ ಮೇಲೆ ನನ್ನ ನಳ ತೊಟ್ಟಿಕ್ಕುವುದು ಕೆಳಗಿನ ಮನೆಯಲ್ಲಿದ್ದ ಆಕೆಗೆ ಹೇಗೆ ಕೇಳುತ್ತಿತ್ತೋ ದೇವರಿಗೇ ಗೊತ್ತು. ಕೈಯಲ್ಲಿ ನಳ ಬಿಚ್ಚುವ ಪಾನಾ ಹಿಡಿದು ಮೆಟ್ಟಿಲು ಹತ್ತಿ ಬಂದೇಬಿಡುತ್ತಿದ್ದಳು.

ನಾನು ಭತ್ತದ ಸೀಮೆಯ ಸಿದ್ದಾಪುರದವಳು, ಕಾಲುವೆ ನೀರಿನಲ್ಲಿ ಬೆಳೆದವಳು. ನೀರಿಗೆ ಬರವಿದ್ದ ಕುಷ್ಟಗಿಗೆ ಟೀಚರಾಗಿ ಬಂದು ಆಕೆಯ ಮಹಡಿಯನ್ನು ಬಾಡಿಗೆ ಹಿಡಿದ ಹೊಸದರಲ್ಲಿ ನಳ ಬಿಟ್ಟುಕೊಂಡೇ ಪಾತ್ರೆ ತಿಕ್ಕುತ್ತಿದ್ದೆ. ಮೊದಲ ವಾರವೇ ಎರಡು ಬೋಗುಣಿ ತಂದಿಟ್ಟು ಪಾಠ ಶುರು ಮಾಡಿದಳು. ಅಕ್ಕಿ ತೊಳೆದ ನೀರಲ್ಲಿ ಎಂಜಲು ತಾಟು, ಅರಿವೆ ಜಾಲಿಸಿದ ನೀರಲ್ಲಿ ಬಚ್ಚಲು, ಕಾಯಿಪಲ್ಲೆ ತೊಳೆದದ್ದು ಅಂಗಳದ ಕರಿಬೇವಿಗೆ.

“ನೀರನ್ನ ಒಂದ ಕೆಲಸಕ್ಕ ಹಚ್ಚಿ ಕಳಿಸಬಾರದ್ರಿ ಅಕ್ಕೋರ, ಎರಡನೇದ್ದೂ ಹೇಳಬೇಕು,” ಅನ್ನುತ್ತಿದ್ದಳು.

ಪಾಠ ಹೇಳುವವಳಿಗೇ ಪಾಠ. ಸಿಟ್ಟು ಬರುತ್ತಿತ್ತು. ಆದರೆ ಆ ಊರಿನಲ್ಲಿ ನನ್ನ ಬಾಗಿಲು ಬಡಿಯುವವರು ಬೇರೆ ಯಾರೂ ಇರಲಿಲ್ಲ. ಶನಿವಾರ ಸಾಲೆ ಬಿಟ್ಟರೆ ಸೋಮವಾರದ ತನಕ ನನ್ನ ದನಿ ನನಗೇ ಮರೆತುಹೋಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ನಾಚಿಕೆಗೇಡಿನ ಕೆಲಸ ಮಾಡಿದೆ. ಉಪ್ಪಿಟ್ಟು ಮಾಡಿ, ಎರಡು ತಾಟು ಇಟ್ಟು, ಬೇಕಂತಲೇ ನಳ ಸಡಿಲ ಮಾಡಿ ಕೂತೆ. ನೀಲವ್ವ ಬಂದಳು. ನಳ ನೋಡಿದಳು, ಬರಿಗೈಯಿಂದಲೇ ತಿರುವಿ ನಿಲ್ಲಿಸಿದಳು. ಆಮೇಲೆ ಎರಡು ತಾಟು ನೋಡಿದಳು. ಕೂತು ತಿಂದಳು. ಗಂಡ ಹೋದ ಮೇಲೆ ಒಬ್ಬಳಿಗಾಗಿ ಒಲೆ ಹಚ್ಚಲು ಬೇಸರ ಅಂತಲೂ ಹೇಳಿದಳು. ಹೊರಡುವಾಗ ಬಾಗಿಲಲ್ಲಿ ನಿಂತಳು.

“ವಾಷರ್ ಛಲೋ ಐತ್ರಿ ಅಕ್ಕೋರ. ನನ್ನ ಕರಿಯಾಕ ನೀರು ಯಾಕ ಕೆಡಸ್ತೀರಿ? ಒಂದು ಕೂಗು ಹಾಕ್ರಿ, ಬರ್ತೀನಿ.”

ಅಂದಿನಿಂದ ಪ್ರತಿ ಭಾನುವಾರ ಕೂಗುತ್ತಿದ್ದೆ. ಆಕೆಯ ಮೊಣಕಾಲು ಸೋತ ಮೇಲೆ ನಾನೇ ತಾಟು ಹಿಡಿದು ಇಳಿಯುತ್ತಿದ್ದೆ. ಹೋದ ಬೇಸಿಗೆಯಲ್ಲಿ ಹಾಸಿಗೆ ಹಿಡಿದಾಗ ಸೆರಗಿನ ಗಂಟು ಬಿಚ್ಚಿ ವಾಷರನ್ನು ನನ್ನ ಕೈಗಿಟ್ಟು, ಹಾಕುವುದು ಹೇಗೆಂದು ಹೇಳಿಕೊಟ್ಟಳು. ಎಂಟು ದಿನಕ್ಕೆ ತೀರಿಕೊಂಡಳು.

ಈಗ ಕೆಳಗಿನ ಮನೆಗೆ ಬೀಗ. ನನ್ನ ನಳದ ವಾಷರ್ ಈ ಸಲ ನಿಜವಾಗಿಯೂ ಸವೆದಿದೆ. ಆಕೆ ಕೊಟ್ಟದ್ದು ಗೂಡಿನಲ್ಲಿದೆ, ಹಾಕಲು ನನಗೆ ಬರುತ್ತದೆ, ಆದರೂ ಹಾಕಿಲ್ಲ. ನಳದಡಿ ಬಕೀಟು ಇಟ್ಟಿದ್ದೇನೆ, ಒಂದು ಹನಿಯೂ ಕೆಡುವುದಿಲ್ಲ. ತುಂಬಿದ ಮೇಲೆ ಒಯ್ದು ಅಂಗಳದ ಕರಿಬೇವಿಗೆ ಹಾಕಿ ಬರುತ್ತೇನೆ. ಆ ಮೆಟ್ಟಿಲು ಇಳಿಯುವವಳೂ ಹತ್ತುವವಳೂ ಈಗ ನಾನೊಬ್ಬಳೇ.