ಒಣಮೀನಿನ ಮೂರನೇ ನೀರು

ಅಪ್ಪಯ್ಯನ ಎದೆ ಸೀಳಿ ಬೈಪಾಸ್ ಮಾಡಿದ ಮೇ ತಿಂಗಳಲ್ಲಿ ಅಮ್ಮ ಬೀಜಾಡಿಯ ಮನೆಯೆದುರು ಮೀನು ಒಣಗಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಬ್ರಹ್ಮಾವರದ ಗಂಡನ ಮನೆಯಿಂದ ದಿನವೂ ಬಸ್ಸು ಹಿಡಿದು ಆಸ್ಪತ್ರೆಗೆ ಓಡುವವಳು ನಾನು. ಅಮ್ಮ ಬೆಳಿಗ್ಗೆ ಬಂದು, ಹಾಸಿಗೆಯ ಅಂಚಿನಲ್ಲಿ ಒಂದು ಗಳಿಗೆ ಕೂತು, ಅಪ್ಪಯ್ಯನ ಕಾಲು ಮುಟ್ಟಿ ನೋಡಿ, “ಬಿಸಿಲ್ ಬಂತ್, ನಾ ಹೋತೆ” ಎಂದು ಎದ್ದುಬಿಡುತ್ತಿದ್ದಳು. ಗಂಡನಿಗಿಂತ ಬಿಸಿಲು ದೊಡ್ಡದಾಯಿತೇ ಇವಳಿಗೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಒಣಮೀನು ನಮ್ಮ ಮನೆಯ ಅನ್ನ ಎಂಬುದೇನೋ ನಿಜ. ಅಮ್ಮ ಒಣಗಿಸುವುದು, ಅಪ್ಪಯ್ಯ ಬುಟ್ಟಿಯನ್ನು ಬಸ್ಸಿನ ಮೇಲೇರಿಸಿ ಬೈಂದೂರು, ಶಿರೂರಿನವರೆಗೂ ಸಂತೆಗೆ ಒಯ್ಯುವುದು, ಇದು ನಾನು ಹುಟ್ಟುವ ಮೊದಲಿನಿಂದ ನಡೆದುಬಂದದ್ದು. ಆದರೆ ಆ ವರ್ಷ ಸಂತೆಗೆ ಹೋಗುವವರು ಯಾರು? ಹಾಗಿದ್ದೂ ಅಮ್ಮ ಉಪ್ಪು ಮೆತ್ತಿದ ಬಂಗಡೆಯನ್ನು ಬಿಸಿಲಿಗೆ ಹರಡುತ್ತಿದ್ದಳು, ಸಂಜೆಗೆ ಎತ್ತಿಡುತ್ತಿದ್ದಳು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮನೆಗೆ ಕಳಿಸುವ ದಿನ ಎಳೆ ವಯಸ್ಸಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಪಥ್ಯ ಹೇಳಿದರು. ಕರಿದದ್ದು ಬೇಡ, ಎಣ್ಣೆ ಆದಷ್ಟು ಕಡಿಮೆ, ತೆಂಗಿನಕಾಯಿಗೆ ಕೈ ಹಿಡಿತ ಇರಲಿ, ಉಪ್ಪು ತೀರಾ ಕಡಿಮೆ. ಅಮ್ಮನ ಮುಖ ಒಂದೊಂದು ಮಾತಿಗೂ ಚಿಕ್ಕದಾಗುತ್ತಿತ್ತು. ಕಡೆಗೆ ಅವರು, “ಮೀನು ತಿನ್ನಬಹುದು, ಬಂಗಡೆ, ಬೈಗೆ ಎಲ್ಲ ಹೃದಯಕ್ಕೆ ಒಳ್ಳೆಯದೇ. ಹುರಿಯಬೇಡಿ, ಅಷ್ಟೆ” ಎಂದಾಗ ಅವಳಿಗೆ ಜೀವ ಬಂತು. ಹೊರಗೆ ಬಂದವಳೇ ನನ್ನ ಕೈ ಹಿಂಡಿ, “ಕೇಂಡ್ಯಾ? ಮೀನ್ ಒಳ್ಳೇದಂಬ್ರ್” ಎಂದಳು.

ಅಮ್ಮ ಒಂದು ಹಟ ಹಿಡಿದರೆ ಹಿಡಿದಳೇ. ಅಪ್ಪಯ್ಯನ ಸಾರಿಗೆ ಬೇರೆ ಮಣ್ಣಿನ ಗಡಿಗೆ ಬಂತು. ಉಪ್ಪಿನ ಮರಿಗೆಯನ್ನು ಒಲೆಯ ಹತ್ತಿರದಿಂದ ತೆಗೆದು ಹಿತ್ತಿಲ ಬಾಗಿಲ ಹಿಂದೆ ಇಟ್ಟಳು, ಕೈ ಅಭ್ಯಾಸಬಲದಿಂದ ಅತ್ತ ಹೋಗಬಾರದಲ್ಲ. ಎಣ್ಣೆಯ ಬಾಣಲೆಯನ್ನು ಅಟ್ಟಕ್ಕೆ ಏರಿಸಿದಳು. ನಾನು ವಾರಕ್ಕೊಮ್ಮೆ ಬಂದು ನೋಡುವಾಗಲೆಲ್ಲ ಅಪ್ಪಯ್ಯ ಕುಚ್ಚಿಗೆ ಅಕ್ಕಿಯ ಗಂಜಿಯೆದುರು ಕೂತು, ಸಾರನ್ನು ಬೆರಳಲ್ಲಿ ಚಪ್ಪರಿಸಿ ಉಣ್ಣುತ್ತಿದ್ದರು. ಒಂದು ಮಾತು ದೂರಿಲ್ಲ. ಮೊದಲೆಲ್ಲ ಬಂಗಡೆಗೆ ಹುಳಿ ಒಂದು ಕೂದಲೆಳೆ ಹೆಚ್ಚಾದರೂ ಬಟ್ಟಲು ಸರಿಸುತ್ತಿದ್ದ ಮನುಷ್ಯ! ಉಪ್ಪಿಲ್ಲದ ಸಾರು ಇಷ್ಟು ರುಚಿಯಾಗುವುದು ಹೇಗೆ ಎಂದು ನನಗೆ ಕುತೂಹಲವೋ ಕುತೂಹಲ. ಬ್ರಹ್ಮಾವರದಲ್ಲಿ ನನ್ನ ಅತ್ತೆಗೂ ಬೀಪಿ. ನಾನು ಮಾಡುವ ಸಪ್ಪೆ ಸಾರನ್ನು ಅವರು ಕಷಾಯದಂತೆ ಮೂಗು ಹಿಡಿದು ಕುಡಿಯುತ್ತಿದ್ದರು. “ಎಂತ ಹಾಕ್ತೆ ಅಬ್ಬಿ ನೀನ್?” ಎಂದು ನಾನು ಕೇಳಿದರೆ ಅಮ್ಮ ಬಿಗುಮಾನದಿಂದ, “ಕೈ ಗುಣ” ಎನ್ನುತ್ತಿದ್ದಳು.

ಆಷಾಢದ ಒಂದು ಬೆಳಿಗ್ಗೆ ಅಪ್ಪಯ್ಯನಿಗೆ ಚಪ್ಪಲಿ ಕಾಲಿಗೆ ಹೋಗಲಿಲ್ಲ. ನಾನು ಪಾದ ಒತ್ತಿದೆ. ಹೆಬ್ಬೆರಳಿನ ಗುಳಿ ಅಲ್ಲೇ ಉಳಿಯಿತು. ಕೆಲವು ದಿನಗಳಿಂದ ಅಡ್ಡ ಬಿದ್ದರೆ ಉಸಿರು ಸಿಗುವುದಿಲ್ಲವೆಂದು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಾರೆಂದು ಆಗ ಅಮ್ಮ ಬಾಯಿಬಿಟ್ಟಳು. ಹೊಲಿದ ಎದೆ ಇಷ್ಟು ಬೇಗ ಸೋತಿತೇ? ಸುರಿಯುವ ಮಳೆಯಲ್ಲಿ ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋದೆವು.

“ಉಪ್ಪು ಹೆಚ್ಚಾಗಿದೆ,” ಎಂದರು ಡಾಕ್ಟರು.

“ಒಂದ್ ಕಲ್ಲ್ ಉಪ್ಪೂ ಹಾಕ್ಲಿಲ್ಲ,” ಎಂದಳು ಅಮ್ಮ. ದೇವರ ಮುಂದೆ ನಿಂತು ಹೇಳುವ ಧ್ವನಿ ಅದು.

“ಹಾಗಾದರೆ ನಿನ್ನೆ ಏನು ಊಟ ಮಾಡಿದರು, ಹೇಳಿ.”

“ಗಂಜಿ, ಮೀನ್ ಸಾರ್.”

“ಈ ಮಳೆಯಲ್ಲಿ ಮೀನು ಎಲ್ಲಿ ಸಿಕ್ಕಿತು?”

“ಹಸಿ ಮೀನ್ ಎಲ್ಲಿತ್ ಮರ್ರೆ, ದೋಣಿ ಎಲ್ಲ ಮೇಲೆ ಬಂದಿತ್. ಒಣಮೀನ್. ನಾನೇ ಒಣ್ಸದ್ದ್. ಮೂರ್ ನೀರಂಗೆ ತೊಳ್ದೇ ಹಾಕುದ್.”

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಅಪ್ಪಯ್ಯನ ಮುಖ ನೋಡಿದೆ. ಅವರು ಕಿಟಕಿಯಾಚೆಗಿನ ಮಳೆ ನೋಡುತ್ತಿದ್ದರು.

ನಮ್ಮಲ್ಲಿ ಒಣಮೀನು ಮೀನೇ. ಉಪ್ಪೆಂದರೆ ಮರಿಗೆಯಲ್ಲಿರುವುದು, ಚಿಟಿಕೆಯಲ್ಲಿ ತೆಗೆದು ಹಾಕುವುದು. ಬಂಗಡೆಯ ಹೊಟ್ಟೆ ಸೀಳಿ ಹಿಡಿ ಹಿಡಿ ಉಪ್ಪು ತುಂಬುವವಳಿಗೇ ಅದು ಲೆಕ್ಕಕ್ಕೆ ಬಂದಿರಲಿಲ್ಲ. ಚಿಕ್ಕಂದಿನಿಂದ ಅದೇ ಮನೆಯಲ್ಲಿ ಬೆಳೆದ ನನಗೂ ಹೊಳೆದಿರಲಿಲ್ಲವಲ್ಲ!

ಔಷಧಿ ಕೊಟ್ಟರು, ಎರಡು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದ ಮೇಲೂ ಅಮ್ಮ ಒಪ್ಪಲಿಲ್ಲ. “ಮೂರ್ ನೀರಂಗೆ ಹೋಗದ್ದ್ ಎಂತ ಉಪ್ಪ್?” ಎಂಬುದೇ ಅವಳ ವಾದ. ನನಗೂ ನೋಡಬೇಕೆನಿಸಿತು. ಒಂದು ಬಂಗಡೆ ತೆಗೆದು ಅವಳು ತೊಳೆಯುವ ಹಾಗೆಯೇ ತೊಳೆದೆ. ಮೊದಲ ನೀರು ಸಮುದ್ರ. ಎರಡನೆಯದೂ ನಾಲಿಗೆ ಸುಟ್ಟಿತು. ಮೂರನೆಯದನ್ನು ಕಬ್ಬಿಣದ ಸಟ್ಟುಗದಲ್ಲಿ ಹಾಕಿ ಒಲೆಯ ಮೇಲೆ ಹಿಡಿದೆ. ನೀರು ಇಂಗಿತು, ತಳದಲ್ಲಿ ಬಿಳಿ ಪೊರೆ ಉಳಿಯಿತು. ಅಮ್ಮ ಅದನ್ನು ಕಡ್ಡಿಯಿಂದ ಕೆರೆದು ನಾಲಿಗೆಗಿಟ್ಟಳು. ಮೂರನೇ ಸಲ ತೊಳೆದ ನೀರಿನಲ್ಲೇ ಇಷ್ಟಿದ್ದರೆ ಮೀನಿನ ಒಳಗೆಷ್ಟು ಎಂದು ನಾನು ಹೇಳಬೇಕಾಗಲಿಲ್ಲ.

ಅವಳು ಸಟ್ಟುಗ ಹಿಡಿದುಕೊಂಡೇ ಅಪ್ಪಯ್ಯ ಕೂತಿದ್ದ ಚಾವಡಿಗೆ ಹೋದಳು.

“ನಿಮ್ಗೆ ಗೊತ್ತಾಯ್ಲಿಲ್ಯಾ?”

ತುದಿ ಮುರಿದು ಬಾಯಿಗಿಟ್ಟರೆ ಯಾರ ಮನೆಯ ಮೀನಿಗೆ ಎಷ್ಟು ಉಪ್ಪು ಬಿದ್ದಿದೆಯೆಂದು ಸಂತೆಯಲ್ಲಿ ಹೇಳುತ್ತಿದ್ದ ಮನುಷ್ಯ ಅವರು. ಸುಳ್ಳು ಹೇಳಲು ದಾರಿಯಿರಲಿಲ್ಲ.

“ಗೊತ್ತಿತ್.”

“ಮತ್ತೆ ಎಂತಕ್ಕೆ ಬಾಯ್ ಬಿಡ್ಲಿಲ್ಲ?”

“ನಾ ಆಸ್ಪತ್ರೆಯಂಗೆ ಮನ್ಕಂಡಿಪ್ಪತಿಗೆ ನೀನ್ ಒಣ್ಸದ್ದಲ್ದಾ,” ಎಂದರು ಅಪ್ಪಯ್ಯ. “ಮಳೆಗಾಲಕ್ಕೆ ನಂಗೆ ಬೇಕಾತ್ತ್ ಅಂದೇಳಿ. ಬ್ಯಾಡ ಅಂಬುದ್ ಹ್ಯಾಂಗೆ?”

ಅವರು ಬದುಕಿ ಮನೆಗೆ ಬರುವರೆಂದು ನಮಗ್ಯಾರಿಗೂ ಖಾತ್ರಿಯಿಲ್ಲದ ದಿನಗಳಲ್ಲಿ ಅಮ್ಮ ಅವರ ಮಳೆಗಾಲದ ಊಟ ಒಣಗಿಸುತ್ತಿದ್ದಳು. ಅವಳಿಗೆ ಈಗ ಎಲ್ಲಿಲ್ಲದ ಕೋಪ. ಅತ್ತುಕೊಂಡೇ ಬೈದಳು, ಬೈಯುತ್ತಲೇ ಅತ್ತಳು. “ನನ್ನ್ ಕೈಯಂಗೇ ನಿಮ್ಮನ್ನ್ ಕೊಲ್ಸುಕ್ ಹೊರಟಿದ್ರಿ! ಇನ್ನ್ ಮೇಲೆ ಸುಮ್ನೆ ಉಂಡ್ರೆ ಕಾಣಿ. ಎಂತ ಆಯ್ಲಿ, ಬಾಯ್ ಬಿಟ್ಟ್ ಹೇಳ್ಕ್.” ಅಪ್ಪಯ್ಯ ತಲೆಯಾಡಿಸಿದರು. ಅಷ್ಟರಲ್ಲೂ, “ಸಟ್ಟುಗ ಕೆಳ್ಗೆ ಇಡ್, ಬಿಸಿ ಇತ್” ಎಂದರು.

ಅಲ್ಲಿಂದ ಅಡುಗೆಮನೆಯಲ್ಲಿ ಬೇರೆಯೇ ಆಟ ಶುರುವಾಯಿತು. ಉಪ್ಪು ಹೋದ ಜಾಗಕ್ಕೆ ಏನನ್ನು ಕೂರಿಸುವುದು? ಬಿಂಬುಳಿ ಕಾಯಿಯ ಹುಳಿ ಹಾಕಿದರೆ ನಾಲಿಗೆ ಒಂದು ಕ್ಷಣ ಮೋಸ ಹೋಗುತ್ತಿತ್ತು, ಆಮೇಲೆ ಉಪ್ಪೆಲ್ಲಿ ಎಂದು ಹುಡುಕುತ್ತಿತ್ತು. ಅಂಬಟೆ ಪರವಾಗಿಲ್ಲ. ಕಾಯಿ ಕಡಿಮೆ ಮಾಡಿ ಹುರಿದ ಕೊತ್ತಂಬರಿ ಹೆಚ್ಚು ಅರೆದ ದಿನ ಅಪ್ಪಯ್ಯ ಎರಡನೇ ಸಲ ಸಾರು ಕೇಳಿದರು. ಹೊಳೆ ಮೀನು ಸಿಕ್ಕಿದ ದಿನ ಅದಕ್ಕೆ ಕರಿಮೆಣಸು, ಶುಂಠಿ ಸವರಿ, ಅರಸಿನ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದಾಗ ಮನೆಯೆಲ್ಲ ಘಮಘಮ. ಹುಳಿ ಮತ್ತು ಖಾರ ಸೇರಿ ಉಪ್ಪಿನ ಕೊರತೆಯನ್ನು ಸುಮಾರಾಗಿ ಮುಚ್ಚುತ್ತವೆ, ಪೂರ್ತಿ ಅಲ್ಲ. ನಾನು ಕಲಿತದ್ದನ್ನೆಲ್ಲ ಬ್ರಹ್ಮಾವರಕ್ಕೂ ಒಯ್ದೆ. ಅತ್ತೆ ಮೂಗು ಹಿಡಿಯುವುದನ್ನು ಬಿಟ್ಟರು.

ಆದರೆ ಅಮ್ಮನ ತಲೆಯಲ್ಲಿ ಒಣಮೀನು ಕೂತಿತ್ತು. ಚಟ್ಲಿಯೆಂಬ ಸಣ್ಣ ಸೀಗಡಿಯನ್ನು, ಹುಡಿ ಮೀನನ್ನು ನಾವು ಉಪ್ಪಿಲ್ಲದೆಯೇ ಒಣಗಿಸುತ್ತೇವಲ್ಲ, ಬಂಗಡೆ ಯಾಕಾಗದು? ಮರುವರ್ಷ ಬಿಸಿಲು ಏರುತ್ತಿದ್ದ ಹಾಗೆ ಪ್ರಯೋಗಕ್ಕಿಳಿದಳು. ನೆರೆಮನೆಯ ಹೆಂಗಸರು, “ಹ್ವಾಯ್, ನಿಮ್ಗೆಂತ ಮರುಳಾ?” ಎಂದು ನಗಾಡಿದರು. ಮೊದಲ ಬುಟ್ಟಿ ನಾರಿ, ತೆಂಗಿನ ಬುಡಕ್ಕೆ ಹೋಯಿತು. ಎರಡನೆಯದಕ್ಕೆ ಹುಳ ಬಿತ್ತು. ಆಮೇಲೆ ಮುಳ್ಳು ಬಿಡಿಸಿ, ಹಪ್ಪಳದಷ್ಟು ತೆಳ್ಳಗೆ ಹೆರೆದು, ಹಳೆ ಬಲೆ ಹೊದಿಸಿ ಕಾದ ತಗಡಿನ ಮೇಲೆ ಒಣಗಿಸಿದಳು. ಸಂಜೆ ಒಲೆಯ ಮೇಲೆ ಹೊಗೆಗೆ ಕಟ್ಟಿದಳು. ಅದು ಕೆಡದೆ ನಿಂತಿತು. ಮುರಿದರೆ ಚಟ್ಟೆಂದು ಸದ್ದಾಗುತ್ತಿತ್ತು.

ಜೂನ್ ಮಳೆ ಹಿಡಿದ ಮೊದಲ ವಾರ ನಾನು ಬೀಜಾಡಿಯಲ್ಲೇ ಇದ್ದೆ. ಅಮ್ಮ ಆ ಮೀನಿನ ಸಾರನ್ನು ಅಪ್ಪಯ್ಯನ ಗಂಜಿಯ ಪಕ್ಕ ಇಟ್ಟು, ಬಾಗಿಲಿಗೊರಗಿ ನಿಂತಳು. ಅವಳ ಕಣ್ಣು ಮೊದಲು ಹೋದದ್ದು ಅವರ ಪಾದಕ್ಕೆ, ಆಮೇಲೆ ಬಾಯಿಗೆ. ಅಪ್ಪಯ್ಯ ಒಂದು ಚೂರು ಬಾಯಿಗಿಟ್ಟರು, ಜಗಿದರು, ಜಗಿಯುತ್ತಲೇ ಇದ್ದರು. ಹೋದ ವರ್ಷದ ಹಾಗೆ ಸುಮ್ಮನೆ ನುಂಗಿಬಿಟ್ಟರೆ ಎಂದು ನಾನೂ ಅವರ ಬಾಯಿಯನ್ನೇ ನೋಡುತ್ತಿದ್ದೆ.

ಬಟ್ಟಲು ಠಣ್ಣೆಂದು ನೆಲಕ್ಕೆ ಬಂತು.

“ಎಂತದ್ ಮರಾಯ್ತಿ ಇದ್! ಸಪ್ಪೆ ಅಂದ್ರೆ ಸಪ್ಪೆ! ಒಲೆ ಮಸಿ ತಿಂದಾಂಗೆ ಆತ್ತ್. ಇದ್ನ್ ಸಂತೆಗ್ ಹೊತ್ಕಂಡ್ ಹೋರೆ ಜನ ನನ್ನ್ ಅಟ್ಸ್ಕಂಡ್ ಬತ್ರ್!”

ಅಮ್ಮನ ಮುಖ ಅರಳಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಡಿಗೆ ತಂದು, ಅವರ ಬಟ್ಟಲಿಗೆ ಇನ್ನೊಂದು ಸೌಟು ಸುರಿದಳು.

“ಹಾಂ, ಹೇಳಿ,” ಎಂದಳು. “ಇನ್ನೂ ಜೋರಾಯ್ ಹೇಳಿ.”